ಮಲಕಾಜಪ್ಪನ ನೆಲಮಾಳಿಗೆಯ ಒಲೆ

"ಈ ವರ್ಷ ಥಂಡಿ ನಮ್ಮ ಹೊಚ್ಚಲ ದಾಟಿ ಬರ್ಲಿ ನೋಡೂಣು! ಕಾಲು ಸುಟ್ಟು ಕಳಸ್ತೀನಿ!"

ಸೊಲ್ಲಾಪುರದ ಮಲಕಾಜಪ್ಪ ಹೀಗೆ ಗುಡುಗಿದಾಗ ಹೆಂಡತಿ ನೀಲಗಂಗಾ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗದೆ ಏನು ಮಾಡಿಯಾಳು? ಗಂಡ ಚಾದರದ ವ್ಯಾಪಾರಿ! ಊರು ಗಡಗಡ ನಡುಗಿದರೆ ಮಾತ್ರ ಅವನ ಮನೆಯಲ್ಲಿ ರೊಟ್ಟಿ ಬೇಯುವುದು. ಅಂಥವನು ಥಂಡಿಯ ಮೇಲೆಯೇ ದಂಡೆತ್ತಿ ಹೊರಟಿದ್ದ.

ನೆಲಮಾಳಿಗೆಯಲ್ಲಿದ್ದ ಚಾದರದ ಗಂಟುಗಳೆಲ್ಲ ಪಡಸಾಲೆಗೆ ಏರಿದವು. ಅವುಗಳ ಜಾಗದಲ್ಲಿ ಡಾಂಬರಿನ ಪೀಪಾಯಿ ಕೊರೆಸಿ ಮಾಡಿದ ಒಲೆಯೊಂದು ಮಹಾರಾಜನ ಠೀವಿಯಿಂದ ಕುಳಿತಿತು. ಹೊಗೆ ಹೋಗಲು ತಗಡಿನ ಕೊಳವೆ. ಜಾಲಿ ಕಟ್ಟಿಗೆ ತುಂಬಿ ಕಡ್ಡಿ ಗೀರಿದ್ದೇ ತಡ, ಮೇಲೆ ಪಡಸಾಲೆಯ ಫರಸಿ ಕಲ್ಲಿನ ನೆಲ ರೊಟ್ಟಿಯ ಹಂಚಿನಂತೆ ಕಾಯಿತು! ಬೆಕ್ಕು ನಾಲ್ಕು ಕಾಲೂ ನೆಲಕ್ಕೆ ತಾಗದಂತೆ ನಡೆಯುವುದನ್ನು ಕಲಿತಿತು. ತಿಗಣೆಗಳು ಮಕ್ಕಳುಮರಿ ಕಟ್ಟಿಕೊಂಡು ಪಕ್ಕದ ಮನೆಗೆ ಬಿಡಾರ ಕಿತ್ತವು.

ಅದೇ ಹೊತ್ತಿಗೆ ಅಕ್ಕಲಕೋಟದ ಅಂಗಡಿಕಾರ ಸಾತಲಿಂಗಪ್ಪ ಬೆಳಗಿನ ಬಸ್ಸಿಗೆ ಬಂದಿಳಿದ. ಸಂಕ್ರಮಣ ಹತ್ತಿರವಿತ್ತು. ಅದು ದಾಟಿದರೆ ಚಾದರವನ್ನು ಮೂಸಿ ನೋಡುವವರಿಲ್ಲ. ಈ ಗಿರಾಕಿ ಕೈತಪ್ಪಿದರೆ ಇಡೀ ಬೇಸಿಗೆಯನ್ನು ಆ ಗಂಟುಗಳ ಮೇಲೆಯೇ ಮಲಗಿ ಕಳೆಯಬೇಕು!

"ಬರ್ರಿ ಸಾವಕಾರ್ರ, ಕುಂದರ್ರಿ. ಮಾಲು ಮುಟ್ಟಿ ನೋಡ್ರಿ!"

ಹಲ್ಲು ಕಟಕಟಿಸುತ್ತ ಬಂದಿದ್ದ ಸಾತಲಿಂಗಪ್ಪ ಮೊದಲು ಮಫ್ಲರ್ ಬಿಚ್ಚಿದ. ಆಮೇಲೆ ಕೋಟು. ಆಮೇಲೆ ಟೋಪಿ. ಹೊಸ ಟೆರಿಲಿನ್ ಅಂಗಿಯ ಗುಂಡಿಗೆ ಕೈ ಹೋದಾಗ ನೀಲಗಂಗಾ ಚಹಾ ಅಲ್ಲೇ ಇಟ್ಟು ಒಳಗೆ ಓಡಿದಳು.

"ಆ ಚಾದರ ದೂರ ಸರಸ್ರಿ ಮಾರಾಯ್ರ! ನೋಡಿದ್ರನ ಬೆವರು ಇಳ್ಯಾಕತ್ತೈತಿ. ಬೀಸಣಿಕಿ ಇದ್ರ ಕೊಡ್ರಿ."

ಗಿರಾಕಿ ಕೈತಪ್ಪುವುದನ್ನು ಕಂಡ ಮಲಕಾಜಪ್ಪ, "ಈಗ ಬಂದ್ನಿರಿ" ಎಂದವನೇ ಕೆಳಗೆ ಹಾರಿ, ತುಂಬಿದ ಕೊಡವನ್ನು ಒಲೆಯ ಬಾಯಿಗೆ ಸುರಿದ. ಭುಸ್ಸ್! ಮನೆಯೆಲ್ಲ ಉಗಿ, ಹೊಗೆ, ಮಸಿ!

"ಅಯ್ಯ ನನ್ನ ಕರ್ಮ!" ಎಂದು ಕೆಮ್ಮುತ್ತ ನೀಲಗಂಗಾ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಳು. ಹೊರಗೆ ಕಾದಿದ್ದ ಥಂಡಿ, ಊಟಕ್ಕೆ ಕರೆದ ಬೀಗರಂತೆ ಸಂಸಾರಸಮೇತ ನುಗ್ಗಿತು. ಬೆವೆತ ಮೈಗೆ ಗಾಳಿ ಬಡಿದದ್ದೇ ತಡ, ಸಾತಲಿಂಗಪ್ಪ ಕೈಗೆ ಸಿಕ್ಕ ಚಾದರ ಹೊದ್ದ. ಅದರ ಮೇಲೆ ಇನ್ನೊಂದು.

"ಅರೆ ವಾ! ಎಷ್ಟ ಬೆಚ್ಚಗ ಅದಾವ್ರಿ! ಎಲ್ಲಾ ಕಟ್ಟಸ್ರಿ."

"ಎಲ್ಲಾ?"

"ಒಂದೂ ಬಿಡಬ್ಯಾಡ್ರಿ!"

ಟಾಂಗಾ ತುಂಬಿತು. ಹಿಗ್ಗಿನ ಭರದಲ್ಲಿ ಮಲಕಾಜಪ್ಪ, ಮನೆಯಲ್ಲಿ ಹೊದೆಯಲು ಒಗೆದು ಮಡಚಿಟ್ಟಿದ್ದ ಚಾದರಗಳನ್ನೂ ಹೊಸ ಮಾಲೆಂದೇ ಅದರ ಮೇಲೆ ಎಸೆದ.

ಸಂಜೆಗೆ ಫರಸಿ ಬರ್ಫವಾಯಿತು.

"ಹೆಂಗ ಮಾರಿದ್ನಿ, ನೋಡಿದೇನ?" ಎಂದು ಅವನು ಸೀನಿದ.

"ನೀವೇನ್ ಮಾರೀರಿ, ಆರಿದ ಒಲಿ ಮಾರೈತಿ. ಈಗ ಹೊಚ್ಚಗೋಳಾಕ ಏನೈತ್ರಿ ಮನ್ಯಾಗ?"

"ಒಲಿ ಐತಲ್ಲ! ಈಗ ಹಚ್ತೀನಿ."

ಕೆಳಗಿಳಿದ. ಮಂಡಿಯೂರಿದ. ಒಲೆಯ ಬಾಯಿಗೆ ಮುಖವಿಟ್ಟು, "ಉರಿಯೋ ನಮ್ಮಪ್ಪ" ಎಂದು ಗಲ್ಲ ಉಬ್ಬಿಸಿ ಊದಿದ.

ಹೊಟ್ಟೆ ತುಂಬ ನೀರು ಕುಡಿದಿದ್ದ ಒಲೆ, ಅವನ ಮುಖದ ತುಂಬ ಹಸಿ ಬೂದಿ ಬಳಿದು ಒಂದೇ ಮಾತು ಹೇಳಿತು: "ಫುಸ್ಸ್!"