ಅತ್ತೆಯ ಕೆನೆಯಲ್ಲಿ ಮೀನೆಣ್ಣೆ

"ಈ ಸಲ ಅತ್ತೆಯ ಹೊಟ್ಟೆಗೆ ಮೀನೆಣ್ಣೆ ಇಳಿಸದಿದ್ರೆ ನನ್ನ ಹೆಸರು ಹಿಲ್ಬ್ರಾಂಡೇ ಅಲ್ಲ!" ಎಂದು ಹಿಲ್ಬ್ರಾಂಡ್ ಅಡುಗೆಮನೆಯಲ್ಲಿ ನಿಂತು ಶಪಥ ಮಾಡಿದ.

"ಹಾಗಾದ್ರೆ ಬೇರೆ ಹೆಸರು ನೋಡಿಟ್ಕೊಳ್ಳಿ," ಎಂದಳು ಹೆಂಡತಿ ಗೆಸೀನಾ.

ಅತ್ತೆ ಆಲಿದಾ ಅವರ ಹೃದಯಕ್ಕೆ ಮೀನೆಣ್ಣೆ ಬೇಕೆಂದು ಡಾಕ್ಟರು ಹೇಳಿದ್ದರು. ಆಕೆಯೋ, ಮಗಳು ಮೀನಿನ ತಟ್ಟೆ ತಂದರೆ ಕಿಟಕಿ ಕಡೆ ಮುಖ ತಿರುಗಿಸುವ ಹೆಂಗಸು. ಆದರೆ ಅಳಿಯನೇನು ಸಾಮಾನ್ಯನೇ? ಗ್ರೋನಿಂಗನ್ ಊರಿನ ನ್ಯಾನೊ ಪಂಡಿತ! ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಒಂದೊಂದಕ್ಕೂ ಮೆಕ್ಕೆಜೋಳದ ಸತ್ವದ ಅಂಗಿ ತೊಡಿಸಿದ್ದ. ನಾಲಿಗೆಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ; ಕರುಳು ತಲುಪಿದ ಮೇಲೇ ಅಂಗಿ ಬಿಚ್ಚಬೇಕು. ಮದುವೆಯಾದಂದಿನಿಂದ ಅತ್ತೆಯ ಬಾಯಿಂದ ಬಾರದ "ಇದಕ್ಕಿಂತ ಕೆಟ್ಟದಾಗಿರಬಹುದಿತ್ತು" ಎಂಬ ಮಾತು ಈ ಸಲ ಬಂದೇ ಬರುತ್ತದೆ! ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಅತ್ತೆಯ ಹುಟ್ಟುಹಬ್ಬ ಬಂತು. ನೆಂಟರು ದುಂಡಗೆ ಕುರ್ಚಿ ಹಾಕಿಕೊಂಡು, ಎಲ್ಲರೂ ಎಲ್ಲರ ಕೈ ಕುಲುಕಿ, ಕಾಫಿಗೆ ಕೂತರು. ಹಿಲ್ಬ್ರಾಂಡ್ ಆ ಹನಿಗಳನ್ನು ಬೆರೆಸಿದ ತನ್ನ ಕೆನೆ ಮೆತ್ತಿದ ಕೇಕು ಹಂಚಿದ. ಅತ್ತೆ ಕೇಕು ಮುಟ್ಟಲಿಲ್ಲ. ಕೆನೆಯನ್ನಷ್ಟೇ ಬಳಿದು, ಮೊಟ್ಟೆ-ಬ್ರಾಂದಿಯ ತಮ್ಮ ಅಡ್ವೊಕಾಟಿನ ಲೋಟಕ್ಕೆ ಹಾಕಿ ಚಮಚದಲ್ಲಿ ಕಲಸಿದರು. ಪಕ್ಕದ ಮುದುಕಿಯರೂ ಹಾಗೇ ಮಾಡಿದರು. ಅಲ್ಲಿನ ಮುದುಕಿಯರಿಗೆ ಕೆನೆ ಇರುವುದೇ ಅದಕ್ಕೆ!

ಹಿಲ್ಬ್ರಾಂಡ್ ಕುರ್ಚಿಯಿಂದ ಎದ್ದೇಬಿಟ್ಟ. ಆ ಅಂಗಿ ಹೊಟ್ಟೆಯ ಹುಳಿಗೆ ಜಗ್ಗುವುದಿಲ್ಲ. ಬ್ರಾಂದಿ ಸೋಕಿದರೆ ಮಾತ್ರ ಕರಗಿ ನೀರು!

ಕೋಟಿ ಕೋಟಿ ಹನಿಗಳು ಒಮ್ಮೆಲೇ ಬೆತ್ತಲಾದವು. ಮೀನಿನ ದೋಣಿಯೊಂದು ನೇರ ನಡುಮನೆಗೇ ಬಂದು ನಿಂತಂತಾಯಿತು. ಕಪಾಟಿನ ಮೇಲಿದ್ದ ಬೆಕ್ಕು ಧುಮುಕಿ ಅತ್ತೆಯ ತೊಡೆಯೇರಿ, ಲೋಟ ಮೂಸಿ, ಮುಖ ಸಿಂಡರಿಸಿ ಇಳಿದು ಹೋಯಿತು. ಮರ್ಯಾದಸ್ಥ ನೆಂಟರು ಕಾಫಿ ಬಟ್ಟಲಲ್ಲಿ ಮೂಗು ಹುದುಗಿಸಿದರು.

"ಅಳಿಯಂದಿರೇ, ಏನು ಹಾಕಿದ್ದೀರಿ ಇದಕ್ಕೆ?"

"ಮೀನೆಣ್ಣೆ ಅತ್ತೆ... ನಿಮ್ಮ ಹೃದಯಕ್ಕೆ... ನೀವು ಮೀನು ತಿನ್ನಲ್ವಲ್ಲಾ ಅಂತ..."

"ಯಾರು ಹೇಳಿದ್ದು? ಪ್ರತಿ ಶನಿವಾರ ಸಂತೇಲಿ ನಿಂತು, ಹೆರಿಂಗ್ ಮೀನಿನ ಬಾಲ ಹಿಡಿದು ನುಂಗ್ತೀನಿ! ಇವಳು ಬೇಯಿಸಿದ್ದು ಮಾತ್ರ ಗಂಟಲಲ್ಲಿ ಇಳಿಯಲ್ಲ. ಪಾಪ, ನೊಂದ್ಕೊಳ್ತಾಳೆ ಅಂತ ಮೀನೇ ಆಗಲ್ಲ ಅಂದಿದ್ದೆ."

"ಅಮ್ಮಾ!" ಎಂದು ಗೆಸೀನಾ ಕಿರುಚಿದಳು.

ಅತ್ತೆ ಅಳಿಯನ ಸೋತ ಮುಖ ನೋಡಿದರು. ನಂತರ ಮೂಗು ಹಿಡಿದು, ಚಮಚದ ಮೇಲೆ ಚಮಚ, ಲೋಟವನ್ನೇ ಖಾಲಿ ಮಾಡಿದರು. ಬಾಯೊರೆಸಿಕೊಂಡು ಹೇಳಿದರು:

"ಇದಕ್ಕಿಂತ ಕೆಟ್ಟದಾಗಿರಬಹುದಿತ್ತು."

ಹಿಲ್ಬ್ರಾಂಡನ ಕಣ್ಣು ತುಂಬಿತು. "ನಿಜವಾಗ್ಲೂ? ನನ್ನ ಕೆನೆನಾ ಅತ್ತೆ?"

"ಕೆನೆ ಬೆಕ್ಕಿಗೂ ಬೇಡವಾಯ್ತಲ್ಲೋ! ನಾನು ಹೇಳಿದ್ದು ಅಳಿಯನ ವಿಷಯ."