ತೂಕದ ಮನುಷ್ಯ

ಶೇಕುವೆಯ ಕಷ್ಟಕ್ಕೆಲ್ಲ ಕಾರಣ ಅವನ ಹೊಟ್ಟೆ. ಲಾಮು ಊರಿನ ಮೀನುಕಟ್ಟೆಯಲ್ಲಿ ದೊಡ್ಡ ಮೀನು ತೂಗುವ ತಕ್ಕಡಿಯೊಂದು ನೇತಾಡುತ್ತಿರುತ್ತದೆ. ಸೋಮವಾರ ಬೆಳಿಗ್ಗೆ ಗೆಳೆಯರ ಮಾತಿಗೆ ಮರುಳಾಗಿ ಅವನು ಅದರ ಕೊಕ್ಕೆ ಹಿಡಿದು ಜೋತುಬಿದ್ದ. ಮುಳ್ಳು ನೂರಾ ಹದಿನೆಂಟು ಕಿಲೋಗೆ ಹೋಗಿ ನಡುಗುತ್ತ ನಿಂತಿತು. ಕಟ್ಟೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ನಿಂತವನು ಒಬ್ಬನೇ, ಹಾಯಿಹಡಗಿನ ಯಜಮಾನ ಬುನು. ಅವನು ಶೇಕುವೆಯ ಸುತ್ತ ಒಂದು ಸುತ್ತು ಬಂದು, ಒಳ್ಳೆಯ ಮರದ ದಿಮ್ಮಿ ಸಿಕ್ಕಿದವನಂತೆ ತಲೆಯಾಡಿಸಿದ.

ಬುನುವಿಗೆ ಅಂಥದೊಂದು ದಿಮ್ಮಿ ತುರ್ತಾಗಿ ಬೇಕಾಗಿತ್ತು. ಕೇರಿಯ ಹಾಡುಗಾರರ ಮೇಳ ಗುರುವಾರ ತೆಂಕಣ ದಿಕ್ಕಿಗೆ, ಮಾಲಿಂದಿಯ ಮದುವೆಮನೆಗೆ ಹೊರಡುವುದಿತ್ತು. ಹಾಡುವವರು ಬಸ್ಸಿನಿಂದ ಇಳಿಯಕೂಡದು, ಹಾಯಿ ಬಿಚ್ಚಿಕೊಂಡು ಡೋಲು ಬಡಿಯುತ್ತ ಬಂದಿಳಿಯಬೇಕು ಎಂದು ವರನ ಕಡೆಯವರ ಹಟ. ಈಶಾನ್ಯದ ಗಾಳಿ ಜೋರಾಗಿ ಬೀಸುವ ಕಾಲ. ಹಡಗು ಒಂದು ಮಗ್ಗುಲಿಗೆ ವಾಲದ ಹಾಗೆ, ಗಾಳಿ ಬರುವ ಬದಿಗೆ ಚಾಚಿದ ಹಲಗೆಯ ತುದಿಯಲ್ಲಿ ಭಾರಿ ಆಸಾಮಿಯೊಬ್ಬ ಕೂರಬೇಕು. ಹತ್ತು ವರ್ಷದಿಂದ ಅಲ್ಲಿ ಕೂರುತ್ತಿದ್ದವನು ಸಕ್ಕರೆ ಕಾಯಿಲೆ ಬಂದು ಒಣಗಿ, ಈಗ ಅವನನ್ನೇ ಗಾಳಿ ಹೊತ್ತುಕೊಂಡು ಹೋಗುವಂತಾಗಿದ್ದ.

ಶೇಕುವೆಯ ಕಸುಬು ಟೋಪಿಗೆ ಕಸೂತಿ ಹಾಕುವುದು. ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ಕಲ್ಲು ಜಗಲಿ ಬಿಟ್ಟು ಅಲ್ಲಾಡಿದವನಲ್ಲ. ಎದುರಿನ ಮಾಂಡಾ ದ್ವೀಪಕ್ಕೆ ಹೋಗುವ ಹತ್ತು ನಿಮಿಷದ ದೋಣಿಯಲ್ಲೂ ಕಣ್ಣು ಮುಚ್ಚಿಕೊಂಡು ಕೂರುತ್ತಾನೆ. ಆದರೆ ಅದೇ ಜಗಲಿಯ ಮೇಲೆ ಕೂತು, ಮಸ್ಕತ್ತಿನವರೆಗೆ ಹಾಯಿ ಬಿಟ್ಟ ತನ್ನ ಅಜ್ಜನ ಬಗ್ಗೆ ಅವನು ಕೊಚ್ಚಿಕೊಳ್ಳದ ದಿನವಿಲ್ಲ. ಹಾಗಾಗಿ ಬುನು ಬಂದು ಕರೆದಾಗ ಒಲ್ಲೆ ಎನ್ನಲು ಬಾಯೇ ಬರಲಿಲ್ಲ.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ತೀಮಾ ಅಜ್ಜಿ ಕೈಯಲ್ಲಿ ಕಾಫಿ ಬಟ್ಟಲು ಹಿಡಿದು ಬಂದಳು. ಕೇರಿಯಲ್ಲಿ ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಹತ್ತಿತು ಎನ್ನುವುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಎಲ್ಲರ ಹತ್ತಿರ ಮಾಫಿ ಕೇಳಿ ಆಯಿತಾ ಎಂದು ವಿಚಾರಿಸಿದಳು.

ಅದು ಲಾಮುವಿನ ಹಳೆಯ ಕಟ್ಟಳೆ. ಸಮುದ್ರಕ್ಕೆ ಹೊರಟವನು ಮನೆಮನೆಗೂ ಹೋಗಿ, ನನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳಬೇಕು. ಕೇಳಿಸಿಕೊಂಡವರು ಮಾಡಿದೆ ಎನ್ನಲೇಬೇಕು. ಸಮುದ್ರದ ದಾರಿ ಹಿಡಿದವನಿಗೆ ಮಾಫಿ ಇಲ್ಲ ಎಂದ ನಾಲಿಗೆ ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಎರಡು ಕಡೆಯವರೂ ಒಂದೇ ಉಸಿರಿಗೆ ಹೇಳಿ ಮುಗಿಸುವ ಮಾತು ಅದು. ಅರ್ಧ ಗಂಟೆಯಲ್ಲಿ ಕೇರಿ ಸುತ್ತಿ ಬರುತ್ತೇನೆ ಎಂದ ಶೇಕುವೆ.

"ಸಗಟಾಗಿ ಕೇಳಿದ್ರೆ ಆಗಲ್ಲ ಕಣೋ," ಎಂದಳು ಅಜ್ಜಿ. "ಯಾವ ತಪ್ಪು ಅಂತ ಹೆಸರಿಟ್ಟು ಹೇಳ್ಬೇಕು. ನಮ್ಮ ಚಿಕ್ಕಪ್ಪ ಹಾಗೇ ಬಾಯಿಮಾತಿಗೆ ಕೇಳ್ಕೊಂಡು ಹೋದ. ಅರ್ಧ ದಾರೀಲಿರೋ ಕಿಪಿನೀನೂ ದಾಟಲಿಲ್ಲ."

ಶೇಕುವೆ ಜಗಲಿಯಿಂದ ಎದ್ದು ನಿಂತ. "ಮುಳುಗಿಬಿಟ್ರಾ?"

"ಇಲ್ಲ, ವಾಪಸ್ ಬಂದ. ಆದ್ರೆ ವಾಂತಿ ಮಾಡಿ ಮಾಡಿ ಅರ್ಧ ಆಗಿದ್ದ. ಮನೆಯೋರಿಗೇ ಗುರುತು ಸಿಗಲಿಲ್ಲ."

ಅಷ್ಟು ಸಾಕಾಯಿತು. ಶೇಕುವೆ ಅವಳಿಂದಲೇ ಶುರು ಮಾಡಿದ. ಅಜ್ಜಿಗೆ ಎಂಬತ್ತೈದು ವರ್ಷ ಎಂದು ಊರೆಲ್ಲ ಹೇಳಿಕೊಂಡು ಬಂದವನು ತಾನೇ, ಮಾಫ್ ಮಾಡಬೇಕು ಎಂದ. ಅಜ್ಜಿ ಬಟ್ಟಲನ್ನು ಜಗಲಿಯ ಮೇಲೆ ಕುಕ್ಕಿದಳು. ಹೋದ ವರ್ಷ ವಿಧುರ ಮಾಸ್ತರರೊಬ್ಬರು ಅವಳ ಕಡೆ ಎರಡು ಸಲ ನೋಡಿ, ಮೂರನೆಯ ಸಲ ನೋಡದೆ ಹೋಗಿದ್ದರು. ಅದರ ಕಾರಣ ಈಗ ತಿಳಿಯಿತು. ಅಜ್ಜಿ ಉಳಿದಿದ್ದ ನಾಲ್ಕು ಹಲ್ಲನ್ನು ಕಚ್ಚಿ, "ಮಾಡಿದೆ," ಎಂದಳು.

ಮುಂದಿನದು ಹಲ್ವಾ ಮಾಡುವ ಅಬೂದನ ಅಂಗಡಿ. ಎರಡು ವರ್ಷದ ಹಿಂದೆ ಅಬೂದನ ಕತ್ತೆಯ ಹಗ್ಗವನ್ನು ಯಾರೋ ಬಿಚ್ಚಿ, ಅದು ಬಂದು, ಕೊಪ್ಪರಿಗೆ ತುಂಬ ಆರಲು ಇಟ್ಟಿದ್ದ ಹಲ್ವಾಕ್ಕೆ ಮೂತಿ ಹಾಕಿತ್ತು. ಬಿಚ್ಚಿದವನು ತನ್ನ ಭಾವಮೈದುನನೇ ಎಂದು ಅಬೂದ್ ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದ. ಬಿಚ್ಚಿದವನು ನಾನು ಎಂದ ಶೇಕುವೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ ಅರಚುತ್ತಿತ್ತು, ಅದಕ್ಕೇ ಬಿಚ್ಚಿದೆ ಎಂದು ವಿವರವನ್ನೂ ಕೊಟ್ಟ. ಅಬೂದ್ ಕೈಯಲ್ಲಿದ್ದ ಸೌಟನ್ನು ನೋಡಿದ, ಶೇಕುವೆಯ ತಲೆಯನ್ನು ನೋಡಿದ. ಕಟ್ಟಳೆ ನೆನಪಾಗಿ ಕಣ್ಣು ಮುಚ್ಚಿ ಮಾಫ್ ಮಾಡಿದ. ಹೊರಡುವವನಿಗೆ ಸಿಹಿ ಕಟ್ಟಿಕೊಡುವುದೂ ಕಟ್ಟಳೆಯೇ. ಹಾಗಾಗಿ ಹಲ್ವಾದ ಒಂದು ಪೊಟ್ಟಣವನ್ನೂ ಕಟ್ಟಿಕೊಟ್ಟ.

ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಬಂದ ಶೇಕುವೆಗೆ ಜ್ಞಾನೋದಯವಾಯಿತು. ಇದೆಂಥ ಸೊಗಸಾದ ದಿನ! ಏನು ಹೇಳಿದರೂ ಏಟಿಲ್ಲ, ಬೈಗುಳವಿಲ್ಲ, ಮೇಲೆ ಸಿಹಿ ಬೇರೆ. ಅವನ ಕಾಲಿಗೆ ಚಕ್ರ ಬಂತು. ಒಬ್ಬರ ಮನೆಯಲ್ಲಿ ಒಡೆದಿಟ್ಟು ಬಂದಿದ್ದ ಹೂಜಿಯನ್ನು ಒಪ್ಪಿಕೊಂಡ. ಇನ್ನೊಬ್ಬರಿಗೆ ಅವರ ಮಗಳ ಮದುವೆಯ ಅನ್ನ ಸೀದಿದ್ದನ್ನು ಮೊದಲು ಬೀದಿಗೆ ತಂದವನು ತಾನೆಂದು ತಿಳಿಸಿದ. ಬಡಗಿಯ ಮನೆಯಲ್ಲಿ, ಅವನಿಗೆ ಊರು ಇಟ್ಟಿರುವ ಅಡ್ಡಹೆಸರು ತನ್ನ ಸ್ವಂತ ರಚನೆ ಎಂದ. ತನಗೆ ಅಡ್ಡಹೆಸರು ಇರುವುದೇ ಬಡಗಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಲ್ಲರೂ ಮುಖ ಕಪ್ಪಿಟ್ಟುಕೊಂಡು ಮಾಫ್ ಮಾಡಿದರು. ಒಂದೆರಡು ಮನೆಗಳಲ್ಲಿ ಯಾವ ತಪ್ಪೂ ನೆನಪಿಗೆ ಬಾರದೆ ಶೇಕುವೆಗೆ ನಿಜವಾಗಿಯೂ ಬೇಜಾರಾಯಿತು.

ಈ ನಡುವೆ ಬುನು ಮೂರು ಸಲ ಹೇಳಿ ಕಳಿಸಿದ್ದ. ಮಧ್ಯಾಹ್ನದ ಉಬ್ಬರದಲ್ಲೇ ಹಡಗು ಹೊರಡಬೇಕು, ಇಳಿತ ಶುರುವಾದರೆ ಹಡಗು ನಿಲ್ಲುವ ಧಕ್ಕೆಯ ಮುಂದಿನ ಮರಳು ದಿಬ್ಬ ಮೇಲೆ ಬರುತ್ತದೆ ಎಂದು. ಶೇಕುವೆ ಆಗ ಹಿಂದಿನ ಕೇರಿಯಲ್ಲಿದ್ದ. ಇನ್ನು ನಾಲ್ಕೇ ಮನೆ ಎಂದು ಹೇಳಿ ಕಳಿಸಿದ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಹೊಟ್ಟೆಯೊಳಗೆ ಹಾಗೇ ಕೂತಿತ್ತು. ಅದು ಮಾವನ ತಲೆಯ ಮೇಲಿನ ಟೋಪಿ.

ಒಂಬತ್ತು ವರ್ಷದ ಹಿಂದೆ ಹೆಂಡತಿ ಸೋಮೋಯೆಯನ್ನು ಮದುವೆಗೆ ಕೇಳಲು ಹೋದಾಗ ಶೇಕುವೆ ಅವಳ ಅಪ್ಪ ಸಗಾಫನಿಗೆ ಒಂದು ಟೋಪಿ ಕೊಟ್ಟಿದ್ದ. ಸೂಜಿಮೊನೆಯಷ್ಟು ಸಣ್ಣ ಸಣ್ಣ ತೂತುಗಳ ಕಸೂತಿ. ಎಂಟು ತಿಂಗಳು ಕೂತು ಕೈಯಲ್ಲೇ ಹಾಕಿದ್ದು ಎಂದಿದ್ದ. ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಎಂಟು ತಿಂಗಳು ತಾಳ್ಮೆಯಿಂದ ಕೂರಬಲ್ಲವನು ನನ್ನ ಮಗಳನ್ನೂ ತಾಳಿಕೊಂಡಾನು ಎಂದು ಹುಡುಗಿ ಕೊಟ್ಟ. ಅಂದಿನಿಂದ ಪ್ರತಿ ಶುಕ್ರವಾರ ಆ ಟೋಪಿ ಊರ ಮುಂದೆ ಮೆರೆಯುತ್ತದೆ. ನೀರುಬಾವಿಯ ಹತ್ತಿರ ಗಂಡಂದಿರ ಮಾತು ಬಂದಾಗ ಸೋಮೋಯೆ, ನನಗಾಗಿ ಎಂಟು ತಿಂಗಳು ಸೂಜಿ ಹಿಡಿದವನು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತಾಳೆ. ಮನೆಯಲ್ಲಿ ಶೇಕುವೆ ಎಷ್ಟೇ ಸೋಮಾರಿತನ ಮಾಡಲಿ, ಆ ಎಂಟು ತಿಂಗಳು ಅವನನ್ನು ಕಾಯುತ್ತದೆ. ನಿಜವೆಂದರೆ ಅದು ಮೊಂಬಾಸಾದ ಅಂಗಡಿಯಿಂದ ಯಾರ ಕೈಯಲ್ಲೋ ತರಿಸಿದ್ದ ಮಾಲು. ಮಿಷನ್ನು ಹೊಲಿದದ್ದು.

ಇದನ್ನು ಎದುರು ನಿಂತು ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳದೆ ಸಮುದ್ರಕ್ಕಿಳಿಯುವ ಧೈರ್ಯವೂ ಇರಲಿಲ್ಲ. ಕೊನೆಗೆ ಉಪಾಯ ಹೊಳೆಯಿತು. ಹಡಗು ಧಕ್ಕೆ ಬಿಟ್ಟು ದೂರ ಸರಿದ ಮೇಲೆ ಕೂಗಿ ಹೇಳಿಬಿಡುವುದು. ಮಾಫಿಯಂತೂ ಸಿಕ್ಕೇ ಸಿಗುತ್ತದೆ. ತಿರುಗಿ ಬರುವಷ್ಟರಲ್ಲಿ ಹತ್ತು ದಿನ ಕಳೆದು ಹೆಂಡತಿಯ ಕೋಪವೂ ತಣ್ಣಗಾಗಿರುತ್ತದೆ.

ಅವನು ಧಕ್ಕೆಗೆ ಬಂದು ಸೇರುವಾಗ ಮಧ್ಯಾಹ್ನ ಕಳೆದು ಎರಡು ಗಂಟೆಯಾಗಿತ್ತು. ಹನ್ನೊಂದು ಮಂದಿ ಹಾಡುಗಾರರು ಬಿಸಿಲಿಗೆ ಬಾಡಿ, ಇದ್ದ ಹಾಡನ್ನೆಲ್ಲ ಹಾಡಿ ಮುಗಿಸಿ ಕೂತಿದ್ದರು. ಬುನು ಇಳಿಯುತ್ತಿದ್ದ ನೀರಿನ ಕಡೆ ನೋಡುತ್ತಿದ್ದ. ಬೀಳ್ಕೊಡಲು ಅರ್ಧ ಊರೇ ಬಂದಿತ್ತು. ಅಷ್ಟು ಪ್ರೀತಿ ತನ್ನ ಮೇಲೆ ಇದೆಯೆಂದು ಶೇಕುವೆಗೆ ತಿಳಿದಿರಲಿಲ್ಲ. ತೀಮಾ ಅಜ್ಜಿ ಮುಂದಿನ ಸಾಲಿನಲ್ಲಿದ್ದಳು. ಅಬೂದ್ ಸೌಟು ಕೆಳಗಿಡುವುದನ್ನು ಮರೆತು ಹಾಗೇ ಬಂದಿದ್ದ. ಸೋಮೋಯೆ ಹುರಿದ ಮೀನು, ತೆಂಗಿನಹಾಲಿನ ರೊಟ್ಟಿಯ ಬುತ್ತಿ ಕೊಟ್ಟು ಕಣ್ಣೊರೆಸಿಕೊಂಡಳು. ಮಾವ ಸಗಾಫ್ ಶುಕ್ರವಾರವಲ್ಲದಿದ್ದರೂ ಅಳಿಯನ ಗೌರವಕ್ಕೆಂದು ಅದೇ ಟೋಪಿ ಹಾಕಿಕೊಂಡು ಬಂದಿದ್ದ.

ಹಡಗು ಧಕ್ಕೆ ಬಿಟ್ಟಿತು. ಡೋಲು ಮೊಳಗಿತು, ಹಾಯಿ ಮೇಲೇರಿತು. ಅರವತ್ತು ಮಾರು ದೂರ ಹೋದ ಮೇಲೆ ಶೇಕುವೆ ಹಾಯಿ ಕಟ್ಟಿದ ಕೂವೆಮರ ಹಿಡಿದು ಎದ್ದು ನಿಂತ. ಅವನ ದುರದೃಷ್ಟಕ್ಕೆ ಡೋಲು ಅದೇ ಗಳಿಗೆಯಲ್ಲಿ ನಿಂತಿತು.

"ಮಾವಾ, ಆ ಟೋಪಿ ನಾನು ಹೊಲಿದಿದ್ದಲ್ಲ. ಮೊಂಬಾಸಾದ ಅಂಗಡಿಯಿಂದ ತರಿಸಿದ್ದು. ಮಿಷನ್ನಿಂದು. ಮಾಫ್ ಮಾಡಿ ಮಾವಾ. ಸೋಮೋಯೆ, ನೀನೂ ಮಾಫ್ ಮಾಡು."

ಧಕ್ಕೆಯ ಮೇಲೆ ಸಗಾಫ್ ಟೋಪಿ ತೆಗೆದ. ಒಳಗನ್ನು ಹೊರಗೆ ಮಾಡಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ಮತ್ತೆ ತಲೆಗಿಟ್ಟುಕೊಂಡು ನಿಧಾನವಾಗಿ ಕೈಯೆತ್ತಿ, "ಮಾಡಿದೆ. ಹೋಗಿ ಬಾ," ಎಂದ. ಸೋಮೋಯೆ ಮೂರು ಸಲ ಉಸಿರೆಳೆದು, "ನಾನೂ," ಎಂದಳು.

ಒಂಬತ್ತು ವರ್ಷದ ಭಾರ ಇಳಿಯಿತು. ಶೇಕುವೆಗೆ ಮೈ ಅರಳೆಯಷ್ಟು ಹಗುರವೆನ್ನಿಸಿತು. ಅಜ್ಜನ ಹಾಗೆ ಮಸ್ಕತ್ತಿಗೂ ಹೋಗಿ ಬಂದೇನು ಅನ್ನಿಸಿತು. ಹಾಡೋಣ ಎಂದು ಬಾಯಿ ತೆರೆದ. ಆಗಲೇ ಹಡಗಿನ ತಳದಲ್ಲಿ ಏನೋ ಗರಗರ ಕೆರೆದ ಸದ್ದಾಗಿ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಹಡಗು ಮರಳು ದಿಬ್ಬದ ಮೇಲೆ ಕೂತುಬಿಟ್ಟಿತ್ತು.

ಮತ್ತೆ ನೀರು ಏರಲು ಕತ್ತಲಾಗಬೇಕು, ಅಲ್ಲಿಯವರೆಗೆ ಕೂತರೆ ಮದುವೆಗೆ ಮುಟ್ಟುವಂತಿಲ್ಲ ಎಂದು ಹಾಡುಗಾರರು ತಲೆಯ ಮೇಲೆ ಕೈಹೊತ್ತರು. ಬುನು ಬಗ್ಗಿ ನೋಡಿದ. ಒಂದು ಬೆರಳಿನಷ್ಟು ಎದ್ದರೆ ಸಾಕು, ಹಡಗು ತೇಲುತ್ತದೆ. ಅವನು ತಿರುಗಿ, ಸೋಮವಾರ ಮೀನುಕಟ್ಟೆಯಲ್ಲಿ ನೋಡಿದ ಹಾಗೆಯೇ ಶೇಕುವೆಯನ್ನು ನೋಡಿದ.

"ಇಳಿ," ಎಂದ.

"ನಾನಾ? ನನ್ನ ತೂಕಕ್ಕೆ ಅಂತಾನೇ ಕರ್ಕೊಂಡು ಬಂದಿದ್ದಲ್ವಾ?"

"ಹೌದಪ್ಪ. ಈಗ ಅದೇ ತೂಕಕ್ಕೇ ಇಳಿಸ್ತಾ ಇದ್ದೀನಿ. ಗಾಳೀನೂ ಮೆತ್ತಗಾಗಿದೆ, ನಿನ್ನ ಕೆಲಸ ಇಲ್ಲ."

ಶೇಕುವೆ ಎರಡೂ ಕೈಯಲ್ಲಿ ಕೂವೆಮರ ತಬ್ಬಿಕೊಂಡ. ಬೇಕಾದರೆ ಡೋಲುಗಳನ್ನು ಇಳಿಸಿ, ಹಾಡುಗಾರರಲ್ಲಿ ಇಬ್ಬರನ್ನು ಇಳಿಸಿ ಎಂದು ಅಂಗಲಾಚಿದ. ಸಮುದ್ರಕ್ಕೆ ಹೆದರುತ್ತಿದ್ದವನಿಗೆ ಈಗ ನೆಲದ ಹೆದರಿಕೆ ಹತ್ತಿತ್ತು. ಹನ್ನೊಂದು ಮಂದಿ ಸೇರಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮರ್ಯಾದೆಯಿಂದಲೇ ನೀರಿಗಿಳಿಸಿದರು. ಹಡಗು ಮುಲುಗಿ ಎದ್ದಿತು, ತೇಲಿತು, ಹಾಯಿ ತುಂಬಿಕೊಂಡು ತೆಂಕಣಕ್ಕೆ ಹೊರಟೇಹೋಯಿತು. ಹಲ್ವಾದ ಪೊಟ್ಟಣ, ಮೀನಿನ ಬುತ್ತಿ ಎರಡೂ ಅದರೊಳಗೇ ಉಳಿದವು. ಡೋಲು ಮತ್ತೆ ಶುರುವಾಯಿತು.

ಶೇಕುವೆ ಸೊಂಟದವರೆಗಿನ ನೀರಿನಲ್ಲಿ ಧಕ್ಕೆಯ ಕಡೆ ಹೆಜ್ಜೆ ಹಾಕಿದ. ಅಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ಹಿಂದಿನ ಕೇರಿಯವರೂ ಬಂದು ಸೇರಿಕೊಂಡಿದ್ದರು. ಹತ್ತು ಮಾರು ದೂರದಲ್ಲಿ ಅವನ ಕಾಲು ತಾನಾಗಿಯೇ ನಿಂತಿತು.

"ಮಾಫಿ ಕೊಟ್ಟಿದ್ದು ಪ್ರಯಾಣ ಹೋಗೋನಿಗೆ," ಎಂದಳು ತೀಮಾ ಅಜ್ಜಿ, ಎಲ್ಲರಿಗೂ ಕೇಳಿಸುವಂತೆ. "ಹೋಗ್ದೇ ಇರೋನಿಗೆ ಯಾರು ಕೊಟ್ಟಿದ್ದು?"

ಧಕ್ಕೆಯ ತುಂಬ ಹೌದು ಹೌದು ಎಂಬ ಗುಜುಗುಜು ಎದ್ದಿತು. ಬಡಗಿ ತೋಳು ಮಡಿಸಿಕೊಂಡ. ಅಬೂದ್ ಸೌಟನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಸೋಮೋಯೆ ಸೆರಗು ಸೊಂಟಕ್ಕೆ ಬಿಗಿದುಕೊಂಡು ಧಕ್ಕೆಯ ಕೊನೆಯ ಮೆಟ್ಟಿಲಿಗೆ ಇಳಿದು ಬಂದಳು. ಶೇಕುವೆ ಮಾವನ ಕಡೆ ಕೈಮುಗಿದ.

"ಮಾವಾ, ಸೊಂಟದ ತನಕ ನೀರಲ್ಲಿದ್ದೀನಿ. ಇದೂ ಸಮುದ್ರಾನೇ ಅಲ್ವಾ? ಇಷ್ಟನ್ನ ಪ್ರಯಾಣ ಅನ್ನೋಕಾಗಲ್ವಾ?"

ಸಗಾಫ್ ನ್ಯಾಯ ಹೇಳುವವನ ಹಾಗೆ ಗಡ್ಡ ನೀವಿಕೊಂಡು ಯೋಚಿಸಿದ. ಟೋಪಿ ತೆಗೆದು, ಬೆರಳಿನಿಂದ ಒಮ್ಮೆ ಕೊಡವಿ, ಮತ್ತೆ ಹಾಕಿಕೊಂಡ.

"ಅನ್ನಬಹುದು," ಎಂದ. "ಎಂಟು ತಿಂಗಳು ಅಲ್ಲೇ ನಿಂತಿರು."

ಶೇಕುವೆ ಕೆಳಗೆ ನೋಡಿಕೊಂಡ. ಇಳಿತ ಇನ್ನೂ ನಿಂತಿರಲಿಲ್ಲ. ನೀರು ಆಗಲೇ ಮೊಣಕಾಲಿಗೆ ಬಂದಿತ್ತು.