ಕಾರಿನಲ್ಲಿ ರಂಗರಾಜುವಿನ ಹಾಡು

ಸ್ವಂತ ಹಾಡನ್ನು ಸ್ವಂತ ಕಾರಿನಲ್ಲಿ ಮೊದಲ ಸಲ ಕೇಳಿದಾಗ ರಂಗರಾಜುವಿನ ಎದೆ ಧಸಕ್ಕೆಂದಿತು. ಚಿಕ್ಕನಾಯಕನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಆತ ಭಜನೆ ಹಾಡುಗಾರನೂ ಹೌದು. ತಿಪಟೂರಿನಲ್ಲಿ ಹನ್ನೆರಡು ಹಾಡು ರೆಕಾರ್ಡ್ ಮಾಡಿಸಿ, ಪೆನ್ ಡ್ರೈವಿಗೆ ತುಂಬಿಸಿಕೊಂಡು, ಹಳೇ ಕಾರಿಗೆ ಹೊಸ ಸೆಟ್ಟು ಕೂರಿಸಿದ್ದ. ಹಾಡು ಮಾತ್ರ ಯಾರೋ ತಗಡಿನ ಡಬ್ಬದೊಳಗೆ ಕೂತು ಗೋಳಾಡಿದಂತೆ ಬರುತ್ತಿತ್ತು.

“ಒಗ್ಗರಣೆ ಸಿಡಿದಂಗೆ ಐತೆ ಕಣ್ರೀ,” ಎಂದಳು ಹೆಂಡತಿ ವನಿತಾ.

ಸಂಜೆ, ಊರಿಗೆ ಬಂದಿದ್ದ ಮಾಯಸಂದ್ರದ ಕೊಬ್ಬರಿ ವ್ಯಾಪಾರಿ ಮರುಳಸಿದ್ದಯ್ಯನವರನ್ನು ಅದೇ ಕಾರಿನಲ್ಲಿ ತಿಪಟೂರಿಗೆ ಬಿಡಬೇಕಿತ್ತು. ಮಗಳ ಆರತಕ್ಷತೆಗೆ ಅವರು ಹಾಡುಗಾರರನ್ನು ಹುಡುಕುತ್ತಿದ್ದರು. ಎಂಟು ವರ್ಷ ಗುಡಿಯ ಜಗಲಿಯಲ್ಲೇ ಹಾಡಿದ ರಂಗರಾಜುವಿನ ತಂಡಕ್ಕೆ ವೇದಿಕೆ ಹತ್ತುವ ಯೋಗವಿದ್ದರೆ ಅದು ಈ ಪ್ರಯಾಣದಲ್ಲೇ ಕೂಡಿಬರಬೇಕಿತ್ತು.

ಪಕ್ಕದ ಮನೆಯ ಅಣ್ಣಯ್ಯ, ನಿವೃತ್ತ ಲೈನ್‌ಮನ್, ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದ. “ಬಾಗ್ಲೊಳಗೆ ಬರೀ ಟೊಳ್ಳು ಕಣಪ್ಪ. ಶಬ್ದ ಅಲ್ಲೇ ಸುತ್ತಾಡ್ತೈತೆ. ತೆಂಗಿನ ನಾರು ತುಂಬು.”

ನಾರಿಗೇನು ಬರ. ಇಬ್ಬರೂ ಸೇರಿ ಬಾಗಿಲ ಒಳಹಲಗೆ ಬಿಚ್ಚಿ ಎರಡು ಮಂಕರಿ ನಾರು ತುರುಕಿದರು. ಹೇಗೂ ಕೈ ಹಾಕಿದ್ದಾಗಿದೆಯೆಂದು ಅಣ್ಣಯ್ಯ ಸ್ಪೀಕರಿನ ತಂತಿಗಳನ್ನೂ ಬಿಚ್ಚಿ ಕಟ್ಟಿದ. ಹಾಡು ಈಗ ಬಾವಿಯೊಳಗಿಂದ ಬಂತು. ಕಿಟಕಿಯ ಗಾಜು ಅರ್ಧಕ್ಕೆ ನಿಂತು, ಮೇಲೂ ಏರದೆ ಕೆಳಗೂ ಇಳಿಯದೆ ಹಠ ಹಿಡಿಯಿತು. ರಾಗಿ ಬೀಸಿಸಲು ಬಂದ ಕೆಂಪಕ್ಕ ಕಿವಿಗೊಟ್ಟು ಕೇಳಿ, “ಯಾರ್ ತೀರ್ಕೊಂಡ್ರಪ್ಪ?” ಎಂದಳು.

ಮಧ್ಯಾಹ್ನ ರಂಗರಾಜು ಬಸ್ ಸ್ಟ್ಯಾಂಡಿನ ಪಕ್ಕದ ಅಫ್ಜಲ್ ಹತ್ತಿರ ಹೋದ. ಕಾರಿನ ಸೆಟ್ಟು ರಿಪೇರಿಯಲ್ಲಿ ಅವನದು ಪಳಗಿದ ಕೈ. ಹೆರಿಗೆ ಮಾಡಿಸುವವನಂತೆ ಬೆವರುತ್ತ ಬಾಗಿಲಿನಿಂದ ನಾರನ್ನೆಲ್ಲ ಎಳೆದುಹಾಕಿ, ಹಾಡು ಕೇಳಿದ.

“ಸ್ಪೀಕರ್ದು ತಪ್ಪಿಲ್ಲ ಅಣ್ಣ. ಹಾಡಿನ ಫೈಲನ್ನ ಹಿಂಡಿ ಹಿಂಡಿ ಸಣ್ಣ ಮಾಡವ್ರೆ. ರಸ ಎಲ್ಲಾ ಹೋಗಿ ಸಿಪ್ಪೆ ಉಳ್ಕೊಂಡೈತೆ.”

“ನಾನೇ ಕಣಪ್ಪ ಸಣ್ಣ ಮಾಡ್ಸಿದ್ದು. ಪೆನ್ ಡ್ರೈವಲ್ಲಿ ಜಾಗ ಉಳೀಲಿ ಅಂತ.”

ರಂಗರಾಜು ಮನೆಗೆ ಓಡಿ, ರೆಕಾರ್ಡ್ ಮಾಡಿದವರು ಕೊಟ್ಟಿದ್ದ ಮೂಲ ಸಿ.ಡಿ. ತಂದ. ಅಫ್ಜಲ್ ಹಾಡುಗಳನ್ನು ಹಿಂಡದೆ, ದೊಡ್ಡ ಗಾತ್ರದಲ್ಲೇ ಮತ್ತೆ ತುಂಬಿಸಿದ. ಅಣ್ಣಯ್ಯನಿಂದ ಅದಲುಬದಲಾಗಿದ್ದ ತಂತಿಗಳನ್ನೂ ಸರಿಪಡಿಸಿ ಗುಂಡಿ ಒತ್ತಿದ. ತಂಡದ ಹಾರ್ಮೋನಿಯಂ ಮಾರಯ್ಯನ ಬೆರಳೋಟ, ನಡುವೆ ತಬಲದ ಯತ್ತಪ್ಪ ಮೂಗೆಳೆದದ್ದು, ಎಲ್ಲ ಸ್ಪಷ್ಟ. ತನ್ನ ದನಿ ಇಷ್ಟು ಚೆನ್ನಾಗಿದೆಯೆಂದು ರಂಗರಾಜುವಿಗೇ ಗೊತ್ತಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು.

ಸಂಜೆ ಮರುಳಸಿದ್ದಯ್ಯ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಮೂರನೇ ಹಾಡಿಗೆ ತೊಡೆ ತಟ್ಟಿ ತಾಳ ಹಾಕಿದರು. ತಿಪಟೂರಿನ ಕೊಬ್ಬರಿ ಮಂಡಿಯ ಮುಂದೆ ಕಾರು ನಿಂತರೂ ಇಳಿಯಲಿಲ್ಲ.

“ಎದುರಿಗೇ ಕುಂತು ಹಾಡ್ದಂಗೈತಲ್ಲ ರಂಗರಾಜು. ಆರತಕ್ಷತೆಗೆ ಇದೇ ಆಗ್ಬೇಕು.”

“ನಿಮ್ಮ ಆಶೀರ್ವಾದ ಯಜಮಾನ್ರೇ. ನಾವು ಮೂರೂ ಜನ ಹಿಂದಿನ ದಿನವೇ ಬತ್ತೀವಿ.”

“ನಿಮಗ್ಯಾಕೆ ತೊಂದ್ರೆ? ವೇದಿಕೆ ಮೇಲೆ ಜಾಗಾನೂ ಕಮ್ಮಿ. ಆ ಕಡ್ಡಿ ಇತ್ಲಾಗೆ ಕೊಡಿ. ಶಾಮಿಯಾನದವನ ಸೆಟ್ಟಿಗೆ ಸಿಗಿಸಿದ್ರೆ ಮುಗೀತು. ನೀವು ಊಟದ ಹೊತ್ತಿಗೆ ಬನ್ನಿ ಸಾಕು.”

ರಂಗರಾಜು ಪೆನ್ ಡ್ರೈವನ್ನು ಕಿತ್ತುಕೊಟ್ಟ. ಹಾಡು ಅರ್ಧಕ್ಕೇ ನಿಂತಿತು.